ಮಾತು ಬಂದೇ ಬರುತ್ತದೆ ಎಂದು ಕಾದವನು

"ತಾಳ್ಮೆಯಿಂದ ಕಾಯಬೇಕು ಎಂದು ನೀವೇ ಹೇಳುತ್ತೀರಿ. ಕಾದು ಕೆಟ್ಟವರೂ ಇದ್ದಾರೆಯೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವನಿಗೆ ಹೆಣ್ಣು ಮಗು ಹುಟ್ಟಿತು. ಸುಗುಣ ಎಂದು ಹೆಸರಿಟ್ಟರು. ಮಗು ಹೊತ್ತಿಗೆ ಸರಿಯಾಗಿ ಕೂತಿತು, ನಿಂತಿತು, ನಡೆಯಿತು. ಎರಡು ವರ್ಷ ತುಂಬಿದರೂ ಮಾತು ಮಾತ್ರ ಬರಲಿಲ್ಲ. ಬೇಕಾದದ್ದರ ಕಡೆ ಕೈ ತೋರಿಸಿ "ಆ" ಎನ್ನುತ್ತಿತ್ತು, ಅಷ್ಟೆ.

ವ್ಯಾಪಾರಿಯ ತಾಯಿ ಬಜೆ ತೇಯ್ದು ಜೇನಿನಲ್ಲಿ ಕಲಸಿ ಮೊಮ್ಮಗಳ ನಾಲಿಗೆಗೆ ಸವರಿದಳು. "ಇವನೂ ನಾಲ್ಕು ತುಂಬಿದ ಮೇಲೇ ಬಾಯಿ ಬಿಟ್ಟದ್ದು. ಈಗ ಗಿರಾಕಿಗಳಿಗೆ ಬಾಯಿ ತೆರೆಯಲು ಬಿಡುತ್ತಾನೆಯೇ?" ಎಂದು ನಕ್ಕಳು. ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ.

ಮಗುವಿಗೆ ಎರಡೂವರೆ ವರ್ಷವಾದಾಗ ಅಂಗನವಾಡಿ ಟೀಚರ್ ಮನೆಗೆ ಬಂದಳು.

"ಅಣ್ಣಾ, ಒಮ್ಮೆ ತೋರಿಸಿಕೊಂಡು ಬನ್ನಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆ ನೋಡುವವರಿದ್ದಾರೆ. ಸೂಜಿ ಚುಚ್ಚುವುದಿಲ್ಲ, ಏನಿಲ್ಲ. ಆಟ ಆಡಿಸುತ್ತಾ ನೋಡುತ್ತಾರೆ."

"ನನ್ನ ಮಗಳಿಗೆ ಏನಾಗಿದೆ ಎಂದು ತೋರಿಸಲಿ?" ಎಂದ ವ್ಯಾಪಾರಿ. ಒಂದು ಸ್ಟೀಲ್ ತಟ್ಟೆ ತೆಗೆದುಕೊಂಡು ಮಗುವಿನ ಬೆನ್ನ ಹಿಂದೆ ಸೌಟಿನಿಂದ ಬಡಿದ. ಮಗು ಬೆಚ್ಚಿ ತಿರುಗಿತು. "ನೋಡಿ, ಕಿವಿ ಚೆನ್ನಾಗಿದೆ. ಬುದ್ಧಿಯೂ ಚೆನ್ನಾಗಿದೆ. ಮಾತು ಬಂದೇ ಬರುತ್ತದೆ. ನಮಗೆ ತಾಳ್ಮೆ ಬೇಕು."

ಟೀಚರ್ ಹೋದ ಮೇಲೆ ಅವನಿಗೆ ಸಮಾಧಾನವಾಗಲಿಲ್ಲ. ಹೆಂಡತಿ ಅಡುಗೆಮನೆಯಿಂದ ಕರೆದಾಗ ಮಗು ತಿರುಗದೇ ಇದ್ದದ್ದನ್ನು ಅವನು ಎಷ್ಟೋ ಸಲ ನೋಡಿದ್ದ. ಆಟದಲ್ಲಿ ಮೈಮರೆತಿದೆ ಎಂದುಕೊಂಡಿದ್ದ. ಪರೀಕ್ಷೆಗೆ ಕರೆದುಕೊಂಡು ಹೋದರೆ ಅವರು ಏನಾದರೊಂದು ಕಾಯಿಲೆಯ ಹೆಸರು ಹೇಳುತ್ತಾರೆ. ಆ ಹೆಸರು ಮಗಳಿಗೆ ಅಂಟಿಕೊಳ್ಳುತ್ತದೆ. ನೆಂಟರು ಸುಗುಣ ಎನ್ನುವ ಮೊದಲು ಆ ಹೆಸರು ಹೇಳುತ್ತಾರೆ. ಇದೇ ಅವನ ಭಯ. ಅದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿ ಎರಡು ಮೂರು ಸಲ ಆಸ್ಪತ್ರೆಯ ಮಾತೆತ್ತಿದಳು. ಅವನು ಸಿಡುಕಿದ. ಆಮೇಲೆ ಅವಳು ಎತ್ತಲಿಲ್ಲ.

ಹಾಗೆಯೇ ಮೂರು ವರ್ಷ ಕಳೆಯಿತು.

ಶಾಲೆಗೆ ಸೇರಿಸುವ ದಿನ ಬಂತು. ಮುಖ್ಯೋಪಾಧ್ಯಾಯಿನಿ ಬಗ್ಗಿ, "ನಿನ್ನ ಹೆಸರೇನು ಪುಟ್ಟಾ?" ಎಂದರು. ಸುಗುಣ ಅವರ ತುಟಿಗಳನ್ನೇ ನೋಡುತ್ತಾ ನಿಂತಳು. ಅವರು ಮತ್ತೆ ಕೇಳಿದರು. ಅವಳು "ಊಅ" ಎಂದಳು. ಸಾಲಿನಲ್ಲಿದ್ದ ಮಕ್ಕಳು ನಕ್ಕರು. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅವರ ಮುಖ ನೋಡಿ ಅವಳೂ ನಕ್ಕಳು.

ಆ ನಗುವನ್ನು ವ್ಯಾಪಾರಿ ನೋಡಿದ. ಮಾರನೆಯ ದಿನವೇ ಅಂಗಡಿ ಮುಚ್ಚಿ, ಹೆಂಡತಿ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುವ ಡಾಕ್ಟರಮ್ಮ ಚಾಪೆ ಹಾಸಿ ನೆಲದ ಮೇಲೇ ಕೂತರು. ಮಗುವಿನ ಮುಂದೆ ಮರದ ತುಂಡು, ಗೊಂಬೆ, ಚಿತ್ರದ ಪುಸ್ತಕ ಇಟ್ಟರು. ಸುಗುಣ ತುಂಡುಗಳನ್ನು ಸರಸರನೆ ಜೋಡಿಸಿದಳು. ಗೊಂಬೆಗೆ ಊಟ ಮಾಡಿಸಿದಳು. ಡಾಕ್ಟರಮ್ಮ ತಂದೆಯ ಕಡೆ ತಿರುಗಿ, ಮಗು ಮೊದಲ ಸಲ ನಕ್ಕದ್ದು ಯಾವಾಗ, ಕರೆದರೆ ತಿರುಗುತ್ತಿತ್ತೇ, ತಾನು ಕಂಡದ್ದನ್ನು ನಿಮಗೂ ತೋರಿಸುತ್ತಿತ್ತೇ ಎಂದು ಒಂದೊಂದಾಗಿ ಕೇಳಿದರು. ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ಉತ್ತರ ಕೊಟ್ಟಳು. ತಿಂಗಳು ಸಮೇತ ಹೇಳಿದಳು. ಏಳನೆಯ ತಿಂಗಳಿಗೆ "ಬಬ" ಎನ್ನುತ್ತಿದ್ದದ್ದು, ಆಮೇಲೆ ಅದೂ ನಿಂತದ್ದು, ಮಗು ಸೆರಗು ಜಗ್ಗಿ ತಾಯಿಯ ಮುಖವನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದದ್ದು. ಇಷ್ಟೆಲ್ಲ ಇವಳೊಳಗೆ ಇತ್ತೆಂದು ವ್ಯಾಪಾರಿಗೆ ಗೊತ್ತಿರಲಿಲ್ಲ.

ಆಮೇಲೆ ಮಗುವನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕಿವಿ ಪರೀಕ್ಷೆ ಮಾಡಿದರು. ಜೋರಾದ ಸದ್ದು ಅವಳಿಗೆ ಕೇಳುತ್ತಿತ್ತು. ಮಾತಿನ ಸದ್ದು ಅರೆಬರೆ ಕೇಳುತ್ತಿತ್ತು. ಮಾತು ಅವಳ ಹತ್ತಿರ ಬರುವ ಹೊತ್ತಿಗೆ ಅರ್ಧ ಅಕ್ಷರಗಳು ಇರುತ್ತಲೇ ಇರಲಿಲ್ಲ.

"ಬುದ್ಧಿ ಬಹಳ ಚುರುಕು. ಕಿವಿಗೆ ಯಂತ್ರ ಹಾಕೋಣ, ಮಾತಿನ ತರಬೇತಿ ಶುರು ಮಾಡೋಣ," ಎಂದರು ಡಾಕ್ಟರಮ್ಮ.

"ಮೂರು ವರ್ಷದ ಹಿಂದೆಯೇ ಬಂದಿದ್ದರೆ?" ಎಂದ ವ್ಯಾಪಾರಿ.

ಡಾಕ್ಟರಮ್ಮ ಗೊಂಬೆಯನ್ನು ಎತ್ತಿಟ್ಟರು. "ಈಗ ಬಂದಿದ್ದೀರಲ್ಲ," ಎಂದರು.

"ಇಲ್ಲ ತಾಯಿ, ಹೇಳಿ."

"ಆಗ ಬಂದಿದ್ದರೆ ಇವಳಿಗೆ ಸುಲಭವಾಗುತ್ತಿತ್ತು."

ಬಸ್ಸಿನಲ್ಲಿ ಮಗು ತಾಯಿಯ ತೊಡೆಯ ಮೇಲೆ ನಿದ್ದೆ ಹೋಯಿತು. ವ್ಯಾಪಾರಿ ಹೆಂಡತಿಯನ್ನು ಕೇಳಿದ: "ನಿನಗೆ ಎಲ್ಲ ಗೊತ್ತಿತ್ತು. ಜಗಳ ಮಾಡಿಯಾದರೂ ಯಾಕೆ ಕರೆತರಲಿಲ್ಲ?"

"ನಿಮಗೆ ಭಯವಾಗಿತ್ತು. ನನಗೂ ಆಗಿತ್ತು ಕಣ್ರೀ. ನೀವು ಬೇಡ ಎಂದಾಗ ಒಂದೊಂದು ಸಲ ಹಾಯೆನಿಸುತ್ತಿತ್ತು," ಎಂದಳು ಅವಳು. ಹೇಳಿ ಕಿಟಕಿಯ ಕಡೆ ತಿರುಗಿಕೊಂಡಳು. ಅವಳು ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಯಂತ್ರ ಬಂತು. ಮೊದಮೊದಲು ಸುಗುಣ ಅದನ್ನು ಕಿತ್ತು ಎಸೆಯುತ್ತಿದ್ದಳು. ಒಮ್ಮೆಲೇ ಬಂದ ಸದ್ದಿಗೆಲ್ಲ ಹೆದರಿ ಅಳುತ್ತಿದ್ದಳು. ವ್ಯಾಪಾರಿ ವಾರಕ್ಕೆರಡು ದಿನ ಅಂಗಡಿ ಮುಚ್ಚಿ ತರಬೇತಿಗೆ ಕರೆದೊಯ್ದ. ಒಂದು "ಸ" ಕಲಿಯಲು ಎಂಟು ತಿಂಗಳು ಹಿಡಿಯಿತು. ಒಂಬತ್ತನೆಯ ವಯಸ್ಸಿಗೆ ಅವಳ ಮಾತು ಮನೆಯವರಿಗೆಲ್ಲ ತಿಳಿಯುವಂತಾಯಿತು. ಹೊರಗಿನವರು ಮಾತ್ರ "ಏನಂದೆ?" ಎಂದು ಮತ್ತೆ ಕೇಳುತ್ತಿದ್ದರು. ಅವಳು ಬೇಸರಿಸದೆ ಮತ್ತೆ ಹೇಳುತ್ತಿದ್ದಳು. ಪ್ರತಿ ಸಲವೂ ವ್ಯಾಪಾರಿ ಮುಖ ಆಚೆ ತಿರುಗಿಸುತ್ತಿದ್ದ.

ಗುರುಗಳು ನಿಲ್ಲಿಸಿದರು.

ಶಿಷ್ಯ ಹೇಳಿದ: "ಪಾಪ, ಮಗಳಿಗಾಗಿ ಅಷ್ಟು ವರ್ಷ ತಾಳ್ಮೆಯಿಂದಲೇ ಕಾದನಲ್ಲವೇ?"

"ಕಾಯುತ್ತಿರುವವನು ತಾನು ಎಂದುಕೊಂಡಿದ್ದ, ಅಷ್ಟು ದಿನವೂ ಅವನಿಗಾಗಿ ಕಾಯುತ್ತಿದ್ದವಳು ಮಗಳು," ಎಂದರು ಗುರುಗಳು.