ಮರಳಿಗಿಳಿದ ಜೀಪು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಜಗಳವಾಡಿ ದೂರವಾದ ಅಣ್ಣನ ಮನೆಗೆ ಬಿಗುಮಾನ ಬಿಟ್ಟು ಹೋಗು ಎಂದಿರಿ. ಹೋದಲ್ಲಿ ಅವಮಾನವಾದರೆ ಮನಸ್ಸನ್ನು ಮತ್ತೆ ಗಟ್ಟಿ ಮಾಡಿಕೊಳ್ಳಲು ಏನಾದರೂ ಬೇಕಲ್ಲ. ಅದಕ್ಕೇ ಎರಡು ವರ್ಷದಿಂದ ಗ್ರಂಥಗಳನ್ನು ಓದುತ್ತಿದ್ದೇನೆ. ಇನ್ನು ಯಾವುದನ್ನು ಓದಲಿ?"

ಗುರುಗಳು ಹೇಳಿದರು:

ಒಬ್ಬ ಜೀಪಿನವನಿದ್ದ. ಬೇಸಿಗೆಯಲ್ಲಿ ಬತ್ತಿದ ಹೊಳೆಯ ಆಚೆ ಅವನ ತಂಗಿಯ ಊರು. ಅವಳಿಗೆ ದಿನ ತುಂಬಿತ್ತು. ನೋವು ಶುರುವಾದ ಕೂಡಲೇ ಬಂದು ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದ.

ಗಾಳಿ ತುಂಬಿ ಬಿರುಸಾದ ಟೈರು ಮರಳಿನಲ್ಲಿ ಹೂತುಹೋಗುತ್ತದೆ. ಆದ್ದರಿಂದ ಆ ಸೀಮೆಯ ಚಾಲಕರು ಹೊಳೆಗೆ ಇಳಿಯುವ ಮುನ್ನ ನಾಲ್ಕೂ ಟೈರಿನ ಗಾಳಿಯನ್ನು ಅರ್ಧ ಬಿಡುತ್ತಾರೆ. ಆಚೆ ದಡದ ಕಲ್ಲುದಾರಿಗೆ ಮತ್ತೆ ತುಂಬಿಕೊಳ್ಳುತ್ತಾರೆ. ಅದಕ್ಕೆ ಜೊತೆಯಲ್ಲಿ ಒಯ್ಯುವಂಥ ಕಂಪ್ರೆಸರ್ ಬೇಕು.

ಜೀಪಿನವನು ಕೊಳ್ಳಲು ಹೋದ. ಒಂದು ತೀರಾ ಚಿಕ್ಕದು, ಬೇಗ ಕಾಯುತ್ತಿತ್ತು. ಇನ್ನೊಂದರ ಪೈಪು ಹಿಂದಿನ ಚಕ್ರಕ್ಕೆ ಮುಟ್ಟುತ್ತಿರಲಿಲ್ಲ. ನೇರ ಬ್ಯಾಟರಿಗೆ ಹಚ್ಚುವ ಮೂರನೆಯದನ್ನು ತಂದ. ಅದು ಒಳ್ಳೆಯದೇ. ಆದರೂ ಅವನಿಗೆ ಸಮಾಧಾನವಿಲ್ಲ. ದಿನಕ್ಕೆರಡು ಸಲ ಗಾಳಿ ತುಂಬಿ ನೋಡಿದ. ಊಟದ ನಡುವೆ ಎದ್ದುಹೋಗಿ, ಬಿಸಿ ಆರಿದೆಯೇ ಎಂದು ಮುಟ್ಟಿ ನೋಡಿದ. ಜ್ವರ ಬಂದ ಮಗುವನ್ನೂ ಯಾರೂ ಅಷ್ಟು ಸಲ ಮುಟ್ಟುವುದಿಲ್ಲ.

ಒಂದು ಬೆಳಿಗ್ಗೆ ಫೋನು ಬಂತು. ಓಡಿಸಿಕೊಂಡು ಬಂದು ಮರಳಿನ ಅಂಚಿನಲ್ಲಿ ನಿಲ್ಲಿಸಿದ. ಟೈರಿನ ಗಾಳಿಮುಚ್ಚಳ ಬಿಚ್ಚಿದ. ಮತ್ತೆ ಹಾಕಿದ. ಮತ್ತೆ ಬಿಚ್ಚಿದ. ಗಾಳಿ ಬಿಟ್ಟ ಮೇಲೆ ಯಂತ್ರ ಕೈಕೊಟ್ಟರೆ? ಅಷ್ಟರಲ್ಲಿ ಫೋನು ಇನ್ನೊಮ್ಮೆ ಬಡಿದುಕೊಂಡಿತು. ಗಾಳಿ ಬಿಡದೆ ಹಾಗೆಯೇ ಇಳಿದುಬಿಟ್ಟ. ನಡುಹೊಳೆಯಲ್ಲಿ ಜೀಪು ಅಚ್ಚಿನವರೆಗೆ ಹೂತಿತು.

ಕಾದು ಸಾಕಾಗಿ ಆಚೆಯ ಊರಿನ ನಾಲ್ವರು ತಂಗಿಯನ್ನು ಹಗ್ಗದ ಮಂಚದ ಮೇಲೆ ಹೊತ್ತುಕೊಂಡು ಬಂದರು. ಜೊತೆಗಿದ್ದ ಅವಳ ಮಾವ ಬಿರುಸು ಟೈರನ್ನು ಕಾಲಿನಿಂದ ಒತ್ತಿ ನೋಡಿದ.

"ಗಾಳಿ ಯಾಕ ಬಿಡಲಿಲ್ಲೋ?"

"ಮಷಿನ್ ಕೈಕೊಟ್ರ ಅಂತ ಅಂಜಿಕಿ ಆತ್ರಿ."

"ಹಂಗಾರ ಅದನ್ನ ತಂದದ್ದರ ಯಾಕ?"

ಮಗು ಅಲ್ಲೇ, ಜೀಪಿನ ನೆರಳಿನಲ್ಲಿ ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು; ಅದು ಅವರ ಪುಣ್ಯ. ತಂಗಿ ಮಾತ್ರ ಅಣ್ಣನ ಮುಖ ನೋಡಲಿಲ್ಲ. ಅಷ್ಟು ಅಳೆದು ಸುರಿದು ತಂದ ಕಂಪ್ರೆಸರ್ ಹಿಂದಿನ ಸೀಟಿನಲ್ಲಿ ತಣ್ಣಗೆ ಕೂತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತೊಡೆಯ ಮೇಲಿದ್ದ ಗ್ರಂಥದ ಹಾಳೆಗಳನ್ನು ಸುಮ್ಮನೆ ಹಿಂದೆ ಮುಂದೆ ತಿರುವುತ್ತಿದ್ದ. ಗುರುಗಳು ಅದನ್ನು ಮೆಲ್ಲಗೆ ಮುಚ್ಚಿಟ್ಟು ಕೇಳಿದರು:

"ನಿನ್ನ ಅಣ್ಣನಿಗೆ ಈಗ ವಯಸ್ಸೆಷ್ಟು?"