ಬಿಲದ ಬಾಗಿಲಲ್ಲಿ ಏಡಿ

ಮರಿಗಳನ್ನು ಬಿಲದಲ್ಲಿ ಬಿಟ್ಟು ಹುಳ ಹಿಡಿಯಲು ಗದ್ದೆಗೆ ಹೊರಟ ಕಪ್ಪೆ, ಕಾವಲಿನ ಏಡಿಗೆ ಹೇಳಿತು: "ಬಂದವರಿಗೆ ಕಾಲಿದ್ದರೆ ಅಥವಾ ಮೈ ಒದ್ದೆಯಿದ್ದರೆ ಒಳಗೆ ಬಿಡು. ಇಲ್ಲದಿದ್ದರೆ ಬೇಡ."

ಕೆರೆ ಈಜಿಕೊಂಡು ಹಾವು ಬಂತು. ಏಡಿ ಮುಟ್ಟಿ ನೋಡಿತು. "ಕಾಲಿಲ್ಲ, ಆದರೆ ಮೈ ಒದ್ದೆಯಿದೆ. ಒಂದಿದ್ದರೆ ಸಾಕು, ಹೋಗಿ" ಎಂದು ಪಕ್ಕಕ್ಕೆ ಸರಿಯತೊಡಗಿತು.

ಅಷ್ಟರಲ್ಲಿ ಬದುವಿನ ಮೇಲಿಂದ ಕಪ್ಪೆ ಕೂಗಿತು: "ಎರಡೂ ಇರಬೇಕು ಕಣೋ, ಎರಡೂ."

ಏಡಿ ಇಕ್ಕಳದಂಥ ಕಾಲು ಚಾಚಿ ಅಡ್ಡ ನಿಂತಿತು. ಹಾವು ಬುಸುಗುಟ್ಟಿ ಹೊರಟುಹೋಯಿತು.

"ಅದು ಹಾವೆಂದು ನಿನಗೆ ಕಾಣಲಿಲ್ಲವೇ?" ಎಂದಿತು ಕಪ್ಪೆ.

"ಕಂಡಿತು. ಹಾವಿನ ಮಾತು ನೀವು ಎತ್ತಿರಲಿಲ್ಲವಲ್ಲ, ಅಕ್ಕ."

ಒಳಗಿಂದ ಮರಿಗಳ ದನಿ ಕೇಳಿ ಕಪ್ಪೆಗೆ ಹೋದ ಜೀವ ಬಂದಂತಾಯಿತು. ಒಳಗೆ ನುಗ್ಗಲು ಹೋದರೆ ಏಡಿ ತಡೆಯಿತು. "ಕಾಲಿದೆ, ಸರಿ. ಮೈ ಒಣಗಿದೆ."

ಬಿಸಿಲಲ್ಲಿ ಓಡಿಬಂದಿದ್ದ ಕಪ್ಪೆ ನಗುತ್ತಾ ಕೆರೆಗೆ ಹೋಗಿ ಮುಳುಗೆದ್ದು ಬಂತು.