ಚೆಲುವ ತನ್ನ ಮುಖ ಬರ್ಕೊಂಡ ಕತೆ

ಈ ಸಲ ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ಹೋದ ಸಲ ಕುಂಬಳಕಾಯಿ ಒಳಗೆ ಮದುವೆ ದಿಬ್ಬಣ ಇಳ್ಕೊಂಡಿತ್ತು ಅಂದೆನಲ್ಲ, ಅದ್ರಲ್ಲಿ ಒಂಚೂರು ಉಪ್ಪು ಖಾರ ಸೇರಿಸಿದ್ದೆ, ಒಪ್ಕೋತೀನಿ. ಇದು ಹಂಗಲ್ಲ. ನಿನ್ನೆ ತಾನೇ ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ಚೆಲುವನೇ ನನ್ನ ಪಕ್ಕ ಕೂತ್ಕೊಂಡು, ಮೆಣಸಿನಕಾಯಿ ಬೋಂಡ ತಿಂತಾ ತಿಂತಾ, ತನ್ನ ಬಾಯಲ್ಲೇ ಹೇಳಿದ್ದು. ಇದ್ರಲ್ಲಿ ಒಂದೇ ಒಂದು ಸುಳ್ಳು ಸಿಕ್ಕಿದ್ರೆ, ಅಗೋ, ಆ ಗೂಡಲ್ಲಿ ಕತ್ರಿ ಐತೆ. ಪುಟ್ಟಿ, ನೀನೇ ಎದ್ದು ತಂದು ತಾತನ ಮೀಸೆ ಕತ್ತರಿಸ್ಬಿಡು. ಆಯ್ತಾ? ಕೂತ್ಕೋ ಈಗ.

ಹೊಂಗೆಕೊಪ್ಪಲಲ್ಲಿ ಮಾಯಮ್ಮ ಅಂತ ಒಬ್ಳು. ಇಸ್ಕೂಲಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡೋಳು. ಅವಳಿಗೆ ಒಬ್ಬನೇ ಮಗ, ಚೆಲುವ. ಹೆಸರೇನೋ ಚೆಲುವ, ಬುದ್ಧಿ ಮಾತ್ರ ದೇವ್ರಿಗೇ ಪ್ರೀತಿ. ‘ಹಾಲು ಉಕ್ಕುತ್ತೇನೋ ನೋಡ್ತಿರು’ ಅಂತ ಹೇಳಿ ಅವ್ವ ನೀರಿಗೆ ಹೋದ್ರೆ, ಒಲೆ ಮುಂದೆ ಕಣ್ಣು ಮಿಟುಕಿಸ್ದೆ ಕೂತಿರೋನು. ಅವಳು ವಾಪಸ್ ಬರೋ ಹೊತ್ಗೆ ಒಲೆ ಆರಿ, ಪಾತ್ರೆ ಖಾಲಿ. ‘ಏನ್ಲಾ ಇದು!’ ಅಂದ್ರೆ, ‘ಬಲೇ ಚೆನ್ನಾಗ್ ಉಕ್ತು ಕಣವ್ವ! ಒಂದ್ ತೊಟ್ಟೂ ಬಿಡ್ದಂಗೆ ನೋಡ್ದೆ!’

ಪೆದ್ದ ಅಂದ್ರೆ ಅಳುಕೋ ಪೆದ್ದ ಅಂತ ತಿಳ್ಕೋಬೇಡಿ. ಎದೆ ಸೆಟೆಸ್ಕೊಂಡು ಓಡಾಡೋ ಪೆದ್ದ. ಏನ್ ಹೇಳಿದ್ರೂ ಒಂದೇ ಮಾತು: “ಅಷ್ಟೇ ತಾನೇ ಅವ್ವ? ಬುಡು, ಆಯ್ತು!” ಆ ಮಾತು ಕೇಳಿದ್ರೆ ಸಾಕು, ಮಾಯಮ್ಮನ ಎದೆ ಧಸಕ್ ಅನ್ನೋದು.

ಆ ಇಸ್ಕೂಲಿಗೆ ವನಮಾಲ ಮಿಸ್ಸು ಅಂತ ಹೊಸದಾಗಿ ಬಂದ್ರು. ಬಂದೋರೇ ಅಂದ್ರು, “ಮಕ್ಳಾ, ಮಾವಿನಕಾಯಿ ಬರ್ದಿದ್ದು ಸಾಕು, ಮಡಕೆ ಬರ್ದಿದ್ದು ಸಾಕು. ಈ ಸಲ ನಿಮ್ಮನ್ನ ನೀವೇ ಬರೀಬೇಕು. ‘ನಾನು ಯಾರು?’ ಅಂತ ಚಿತ್ರ. ಶನಿವಾರ ಊರೋರೆಲ್ಲ ಬರ್ತಾರೆ, ದೊಡ್ಡ ಸಾಹೇಬ್ರು ಬರ್ತಾರೆ. ಎಲ್ಲಾ ಮಕ್ಕಳ ಚಿತ್ರಾನೂ ಗೋಡೆ ಮೇಲೆ ಇರುತ್ತೆ!”

ಇದು ಅಡುಗೆಮನೆಗೂ ಕೇಳಿಸ್ತು. ಅಲ್ಲಿ ಮಾಯಮ್ಮನ ಜತೆ ಅಡುಗೆ ಮಾಡೋ ದೇವೀರಮ್ಮ ಇದ್ಲು. ಅವಳ ನಾಲಿಗೆ ಈಳಿಗೆಮಣೆಗಿಂತ ಹರಿತ. “ಲೇ ಮಾಯಿ, ನಿನ್ ಮಗ ಗ್ವಾಡೆ ಮೇಲೆ ಕಂಡ ದಿನ ಈ ಹಂಡೆ, ಈ ಕೊಪ್ಪರಿಗೆ ಎಲ್ಲಾನೂ ನಾನೊಬ್ಳೇ ಬೆಳಗ್ತೀನಿ, ಬರ್ಕೋ!” ಅಂದು ಕಿಸಕ್ಕನೆ ನಕ್ಕಳು.

ಮಾಯಮ್ಮನಿಗೆ ಚುರುಕ್ ಅಂತು. ಆ ಗ್ವಾಡೆಗೆ ವರ್ಷಾ ವರ್ಷಾ ಊರ ಮಕ್ಕಳದ್ದೆಲ್ಲ ಏನೇನೋ ಅಂಟಿಸ್ತಿದ್ರು. ಅವಳ ಮಗನದ್ದು ಒಂದ್ ಚೂರೂ ಅಲ್ಲಿ ಬಿದ್ದಿರಲಿಲ್ಲ. ಈ ಸಲ ಏನಾದ್ರೂ ಆಗ್ಲಿ, ಚೆಲುವ ಆ ಗ್ವಾಡೆ ಮೇಲೆ ಇರ್ಲೇಬೇಕು ಅಂತ ಮನಸ್ಸಿಗೆ ಬಂತು. ಬೇರೇನೂ ಬೇಡ ಅವಳಿಗೆ. ಅದೊಂದೇ.

ಮಿಸ್ಸು ಹೇಳಿದ್ರು, “ನಾಳೆ ಎಲ್ಲಾರೂ ಅವರವರ ಮುಖ ಬರ್ಕೊಂಡು ಬನ್ನಿ.”

ಮಾರನೇ ದಿನ ಮಾಯಮ್ಮ ಸಾರಿಗೆ ಒಗ್ಗರಣೆ ಹಾಕ್ತಿದ್ಲು. ತರಗತೀಲಿ ಕಿಟಾರನೆ ಕಿರುಚಾಟ! ‘ನನ್ ಮಗನೇ’ ಅಂದ್ಕೊಂಡು ಸೌಟು ಹಿಡ್ಕೊಂಡೇ ಓಡಿ ಬಂದ್ಲು. ನೋಡ್ತಾಳೆ: ಚೆಲುವ ಮುಖದ ತುಂಬ ಸುಣ್ಣ ಬಳ್ಕೊಂಡವ್ನೆ. ಕಣ್ಣಿನ ಮೇಲೆ ಇದ್ದಲಲ್ಲಿ ಇನ್ನೆರಡು ಕಣ್ಣು, ಮೂಗಿನ ಮೇಲೆ ಇನ್ನೊಂದು ಮೂಗು, ಕಿವಿಯಿಂದ ಕಿವಿವರೆಗೂ ಬಾಯಿ! ಮುಂದಿನ ಸಾಲಿನ ಹುಡುಗೀರು ಬೆಂಚಿನ ಕೆಳಗೆ ನುಗ್ಗವ್ರೆ!

“ಏನೋ ಇದು ಚೆಲುವಾ!” ಅಂದ್ರು ಮಿಸ್ಸು.

“ಮುಖ ಬರ್ಕೊಂಡ್ ಬಂದಿವ್ನಿ ಮಿಸ್ಸೇ! ಮಿಕ್ಕಿದೋರು ಯಾರೂ ಬರ್ಕೊಂಡೇ ಇಲ್ಲ, ನೋಡಿ, ಬೋಳು ಮುಖದಲ್ಲಿ ಬಂದವ್ರೆ!”

ಮಾಯಮ್ಮ ಹಣೆ ಹಣೆ ಚಚ್ಚಿಕೊಂಡ್ಲು. “ಅಯ್ಯೋ ನನ್ನಪ್ಪಾ! ಮುಖದ ಮೇಲೆ ಅಲ್ವೋ, ಹಾಳೆ ಮೇಲೆ! ಕನ್ನಡಿ ಮುಂದೆ ಕೂತ್ಕೋ, ಅದ್ರಲ್ಲಿ ಏನ್ ಕಾಣ್ತದೋ ಅದನ್ನ ಹಾಳೆ ಮೇಲೆ ಬರಿ!”

“ಅಷ್ಟೇ ತಾನೇ ಅವ್ವ? ಬುಡು, ಆಯ್ತು!”

ಸಾಯಂಕಾಲ ಚೆಲುವ ಕನ್ನಡಿ ಮುಂದೆ ಕೂತ. ಅವರ ಮನೆ ಕನ್ನಡಿ ಮೊಳೆ ಸಡ್ಲಾಗಿ ಒಂದ್ ಕಡೆಗೆ ವಾಲಿತ್ತು. ಅದ್ರಲ್ಲಿ ಚೆಲುವ ಕಾಣ್ತಿರಲಿಲ್ಲ, ಕೊಟ್ಟಿಗೆ ಕಾಣ್ತಿತ್ತು. ಚೆಲುವ ನಾಲಿಗೆ ಕಚ್ಕೊಂಡು, ಕಂಡಿದ್ದನ್ನ ಕಂಡಂಗೇ ಬರ್ದ. ಎರಡು ಕೊಂಬು, ಒಂದು ಬಾಲ, ಮೂಗುದಾರ. ಕೆಳಗಡೆ ದಪ್ಪಕ್ಕೆ ‘ನಾನು’ ಅಂತ ಬರ್ದ.

ಮಿಸ್ಸು ಹಾಳೆ ನೋಡಿದ್ರು. ಹಾಳೆ ತಿರುಗಿಸಿ ನೋಡಿದ್ರು. “ಇದು ಎಮ್ಮೆ ಕಣೋ!”

“ನಂಗೂ ಹಂಗೇ ಅನ್ನಿಸ್ತು ಮಿಸ್ಸೇ. ಆದ್ರೆ ಕನ್ನಡೀಲಿ ಅದೇ ಕಾಣ್ತಿತ್ತು. ಕನ್ನಡಿ ಸುಳ್ಳು ಹೇಳ್ತದಾ?”

ಹುಡುಗ್ರೆಲ್ಲ ಉಳ್ಳಾಡಿ ನಕ್ರು. ಮಾಯಮ್ಮ ಸೌಟು ಹಿಡ್ಕೊಂಡೇ ಓಡಿ ಬಂದ್ಲು. “ಲೇ, ಎಮ್ಮೆ ಹೆತ್ತಿಲ್ಲ ಕಣ್ಲಾ ನಾನು!” ಅಂತ ಬೈದ್ಲು.

ಮಿಸ್ಸು ಒಳ್ಳೇರು. ನಗು ತಡ್ಕೊಂಡು ಹೇಳಿದ್ರು, “ಚೆಲುವಾ, ಚಿತ್ರ ನೋಡಿದ ತಕ್ಷಣ ಇವನು ನಮ್ಮೋನು ಅಂತ ಎಲ್ಲಾರಿಗೂ ಗುರುತು ಸಿಗ್ಬೇಕಪ್ಪ. ಬಣ್ಣದಲ್ಲಿ ನಿನ್ನ ಗುರುತು ಹಾಕ್ಬೇಕು.”

“ಕೇಳಿಸ್ಕೊಂಡ್ಯಾ?” ಅಂದ್ಲು ಮಾಯಮ್ಮ. “ಬಣ್ಣ! ಗುರುತು! ಎಲ್ಲಾರಿಗೂ ಸಿಗಂಗೆ!”

“ಅಷ್ಟೇ ತಾನೇ ಅವ್ವ? ಬುಡು, ಆಯ್ತು!”

ಈಗ ನೋಡಿ, ನಮ್ಮ ಕಡೆ ಕುರಿಗೆ ಗುರುತು ಹಾಕೋದು ನಿಮಗೆ ಗೊತ್ತು. ಒಬ್ಬರ ಮಂದೆ ಇನ್ನೊಬ್ಬರದ್ರ ಜತೆ ಕಲೆತು ಹೋಗ್ಬಾರದು ಅಂತ ಬೆನ್ನಿನ ಮೇಲೆ ಒಂದೊಂದು ಬಣ್ಣ ಬಳೀತಾರೆ. ಹೊಂಗೆಕೊಪ್ಪಲಲ್ಲಿ ಕುರಿ ಸಾಕೋನು ಬೀರಪ್ಪ. ಅವನ ಗುರುತು, ಬೆನ್ನ ಮೇಲೆ ಅಗಲಕ್ಕೆ ಒಂದು ಕೆಂಪು ಪಟ್ಟೆ. ಚೆಲುವ ಹುಟ್ಟಿದಾಗಿನಿಂದ ನೋಡಿದ್ದ ಗುರುತು ಅದೊಂದೇ. ಇನ್ಯಾವುದು ಹಾಕ್ತಾನೆ?

ಮಿಸ್ಸಿನ ಕೆಂಪು ಬಣ್ಣದ ಡಬ್ಬಿ ಎತ್ಕೊಂಡ. ಮೊದ್ಲು ತನ್ನ ಬೆನ್ನಿಗೆ ಬಳ್ಕೊಂಡ. ‘ಎಲ್ಲಾರಿಗೂ’ ಅಂದವ್ರಲ್ಲ ಅಂತ ಜ್ಞಾಪಕ ಬಂತು. ಸಾಲಾಗಿ ಊಟಕ್ಕೆ ಕೂತಿದ್ದ ಮಕ್ಕಳ ಬೆನ್ನಿಗೆಲ್ಲ ಒಂದೊಂದು ಪಟ್ಟೆ. ನೀರು ಕುಡಿಯೋಕೆ ಬಗ್ಗಿದ್ದ ಅಟೆಂಡರ್‌ಗೆ ಒಂದು ಪಟ್ಟೆ. ಆಫೀಸು ರೂಮಿಗೆ ಹೋದ. ಹೆಡ್ ಮೇಷ್ಟ್ರು ಊಟ ಮುಗಿಸಿ, ಮೇಜಿನ ಮೇಲೆ ತಲೆಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದ್ರು. ಹೊಸಾ ಬಿಳೀ ಜುಬ್ಬ. ಅಗಲವಾದ ಬೆನ್ನು. ಚೆಲುವ ಎರಡು ಸಲ ಬಳಿದ!

ಮೇಷ್ಟ್ರಿಗೆ ಗೊತ್ತೇ ಆಗಲಿಲ್ಲ. ಸಾಯಂಕಾಲ ಕೆರೆ ಏರಿ ಮೇಲೆ ನಡ್ಕೊಂಡು ಮನೆಗೆ ಹೊರಟ್ರು. ಮುಂದೆ ಮೇಷ್ಟ್ರು, ಹಿಂದೆ ಬೀರಪ್ಪನ ಮಂದೆ. ಬೀರಪ್ಪನಿಗೆ ಮೊದ್ಲೇ ಕಣ್ಣು ಮಂಜು. ಬಿಳೀದು ಕಾಣ್ತು, ಕೆಂಪು ಪಟ್ಟೆ ಕಾಣ್ತು. “ಹುರ್ರ್ರ್ರಾ! ಮುಂದ್ ಮುಂದಕ್ಕೆ ಎಲ್ ಓಡ್ತೀಯ, ಕಳ್ಳ ನನ್ ಮಗಂದು!” ಅಂತ ಕೋಲಲ್ಲಿ ತಿವಿದು, ಮಂದೆ ಜತೆ ಹಟ್ಟಿ ಒಳಕ್ಕೆ ನೂಕಿ, ಬಾಗಿಲು ಹಾಕ್ಬಿಟ್ಟ!

“ಬೀರಪ್ಪಾ! ನಾನು ಹೆಡ್ ಮೇಷ್ಟ್ರು ಕಣಯ್ಯಾ!”

“ಹೆಡ್ ಮೇಷ್ಟ್ರೋ ಬಾಲ ಮೇಷ್ಟ್ರೋ ನಂಗೊತ್ತಿಲ್ಲ ಸಾ. ಗುರುತು ನಂದೈತೆ!”

ನಗ್ಬೇಡಿ. ಬೆಳಗ್ಗೆ ಬೀರಪ್ಪ ಅವರ ಉಣ್ಣೆ ಕತ್ತರಿಸೋಕೆ ಅಂತ ಕೂತಾಗಲೇ ಕೈಗೆ ಮೇಷ್ಟ್ರ ಕನ್ನಡಕ ಸಿಕ್ಕಿ, ವಿಷಯ ಬಯಲಾಗಿದ್ದು. ಅಷ್ಟೊತ್ಗೆ ಅರ್ಧ ತಲೆ ಬೋಳಾಗೋಗಿತ್ತು.

ಅರ್ಧ ತಲೆ ಹೆಡ್ ಮೇಷ್ಟ್ರು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ್ರು. “ಮಾಯಮ್ಮಾ! ನಿನ್ನ ಮಗನ ಚಿತ್ರ ಗೋಡೆಗೆ ಹಾಕಲ್ಲ! ಮುಗೀತು!”

ದೇವೀರಮ್ಮ ಹಂಡೆ ಕಡೆ ನೋಡಿ, ಮಾಯಮ್ಮನ ಕಡೆ ನೋಡಿ, ಕಿಸಕ್ ಅಂದ್ಲು.

ಮಾಯಮ್ಮ ಮಗನ ಕಿವಿ ಹಿಡಿದು ಎಳ್ಕೊಂಡು ಬಂದ್ಲು. “ಎಂಥಾ ತಪ್ಪು ಮಾಡ್ದಲ್ಲೋ! ಈಗ ಒಂದೇ ದಾರಿ. ಮೇಷ್ಟ್ರು ಊಟಕ್ಕೆ ಕೂತಾಗ ಸಮಾಧಾನದಲ್ಲಿರ್ತಾರೆ. ಆವಾಗ ಹೋಗಿ ಕೈ ಮುಗಿ. ‘ನನ್ ತಪ್ಪನ್ನ ಹೊಟ್ಟೆಗ್ ಹಾಕ್ಕೊಳಿ ಸಾ’ ಅಂತ ಕೇಳು. ಅವರು ಹೊಟ್ಟೆಗ್ ಹಾಕ್ಕೊಳೋವರ್ಗೂ ಬಿಡ್ಬೇಡ!”

“ಅಷ್ಟೇ ತಾನೇ ಅವ್ವ? ಬುಡು, ಆಯ್ತು!”

ಚೆಲುವ ಯೋಚ್ನೆ ಮಾಡ್ದ. ನನ್ನ ತಪ್ಪು ಯಾವುದು? ಬಣ್ಣ ತೊಳೆದು ಹೋಗೈತೆ. ಸುಣ್ಣ ಒರೆಸಿ ಆಗೈತೆ. ಉಳಿದಿರೋದು ಎಮ್ಮೆ! ಎಮ್ಮೆ ಬರ್ದಿದ್ದ ಹಾಳೇನ ಚೂರು ಚೂರು ಹರಿದು, ಮೇಷ್ಟ್ರ ತಟ್ಟೆ ಸಾರಲ್ಲಿ ಸೊಪ್ಪು ಬೆರೆಸ್ದಂಗೆ ಬೆರೆಸ್ದ. ಕೈ ಮುಗ್ಕೊಂಡು ಎದುರಿಗೆ ನಿಂತ.

ಮೇಷ್ಟ್ರು ಒಂದು ತುತ್ತು ನುಂಗಿದ್ರು. ಎರಡು ತುತ್ತು ನುಂಗಿದ್ರು. “ಏನಮ್ಮಾ ಮಾಯಮ್ಮ, ಇವತ್ತು ಯಾವ ಸೊಪ್ಪು? ಬಲೇ ನಾರು!”

“ಸೊಪ್ಪಲ್ಲ ಸಾ, ತಪ್ಪು!” ಅಂದ ಚೆಲುವ. “ಹೊಟ್ಟೆಗ್ ಹಾಕ್ಕೊಳಿ ಸಾ. ಕೊಂಬು ಆಗಲೇ ಒಳಗೋಯ್ತು. ಬಾಲ ಇನ್ನೂ ತಟ್ಟೇಲೈತೆ, ಅದನ್ನೂ ಹಾಕ್ಕೊಳಿ!”

ಮೇಷ್ಟ್ರು ಕೆಮ್ಮಿದ ಕೆಮ್ಮಿಗೆ ಹೆಂಚು ಅಲ್ಲಾಡ್ತು. “ಇನ್ಮೇಲೆ ಇವನು ಹಾಳೆ ಮುಟ್ಟಂಗಿಲ್ಲ! ಬಣ್ಣ ಮುಟ್ಟಂಗಿಲ್ಲ! ಬಳಪಾನೂ ಮುಟ್ಟಂಗಿಲ್ಲ!”

ಮಿಸ್ಸು ಏನೋ ಹೇಳೋಕೆ ಹೋದ್ರು. ಮೇಷ್ಟ್ರ ಅರ್ಧ ತಲೆ ನೋಡಿ ತರಗತಿಗೆ ಹೊರಟೋದ್ರು.

ಸಾಯಂಕಾಲ ಮಾಯಮ್ಮ ಬಾಗಿಲಲ್ಲಿ ಕೂತ್ಲು. ಬೈಯೋಕೂ ಶಕ್ತಿ ಇರಲಿಲ್ಲ. ಚೆಲುವ ಪಕ್ಕದಲ್ಲೇ ಕೂತು ಕಡಲೆಕಾಯಿ ಬಿಡಿಸಿ ಬಿಡಿಸಿ ಅವ್ವನ ಕೈಗೆ ಕೊಡ್ತಿದ್ದ, ಏನೂ ಆಗೇ ಇಲ್ಲ ಅನ್ನಂಗೆ.

“ಹಾಳೆ ಇಲ್ಲ, ಬಣ್ಣ ಇಲ್ಲ,” ಅಂದ್ಲು. “ನಾಳೆ ಎಲ್ಲಾರ ಮಕ್ಳೂ ಗ್ವಾಡೆ ಮೇಲಿರ್ತವೆ. ನೀನೊಬ್ಬ ಇರಾಕಿಲ್ಲ. ಯಾಕ್ಲಾ ಮಗಾ, ನೀನೂ ಆ ಗ್ವಾಡೆ ಮೇಲೆ ಸುಮ್ಕೆ, ಅಲುಗಾಡ್ದಂಗೆ, ನಾಲ್ಕ್ ಜನದ ಕಣ್ಣಿಗೆ ಬೀಳಂಗೆ ಇದ್ದಿದ್ರೆ, ನಂಗಿನ್ನೇನ್ಲಾ ಬೇಕಿತ್ತು?”

ಚೆಲುವ ಅವ್ವನ ಮುಖಾನೇ ನೋಡ್ದ. ಆಶ್ಚರ್ಯ ಅವನಿಗೆ. ಇಷ್ಟು ಸುಲಭದ್ದಕ್ಕೆ ಇಷ್ಟೊಂದು ಕೊರಗ್ತಾಳಲ್ಲ!

“ಅಷ್ಟೇ ತಾನೇ ಅವ್ವ? ಬುಡು, ಆಯ್ತು!”

ಶನಿವಾರ ಬಂತು. ಇಸ್ಕೂಲಿಗೆ ತೋರಣ. ಗ್ವಾಡೆ ತುಂಬ ಚಿತ್ರ: ಮೂಗು ಸೊಟ್ಟ ಇರೋ ಮಕ್ಳು, ಜಡೆ ಉದ್ದ ಇರೋ ಮಕ್ಳು, ಕಿವಿ ಮರ್ತೋಗಿರೋ ಮಕ್ಳು. ಊರೋರು ಬಂದ್ರು. ದೊಡ್ಡ ಸಾಹೇಬ್ರು ಬಂದ್ರು. ಒಂದೊಂದೇ ನೋಡ್ತಾ ನೋಡ್ತಾ ಗ್ವಾಡೆ ಕೊನೆಗೆ ಹೋದ್ರು. ನಿಂತ್ಬಿಟ್ರು.

ಅಲ್ಲಿ ಒಡೆದು ಹೋದ ಕಪ್ಪುಹಲಗೆಯ ಚೌಕಟ್ಟು. ಅದರ ಮಧ್ಯೆ, ಮೇಷ್ಟ್ರು ಕೊಡೆ ನೇತಾಕೋ ಗೂಟಕ್ಕೆ ಅಂಗಿ ಸಿಗಾಕ್ಕೊಂಡು, ಕೈ ಎರಡೂ ನೆಟ್ಟಗೆ ಇಳಿಬಿಟ್ಟು, ಚೆಲುವ! ಉಸಿರೂ ಬಿಡ್ತಿಲ್ಲ. ಮೂಗಿನ ಮೇಲೆ ನೊಣ ಕೂತೈತೆ, ಓಡಿಸ್ತಿಲ್ಲ. ಅಲುಗಾಡ್ಬೇಡ ಅಂದವ್ಳಲ್ಲ ಅವ್ವ!

“ಆಹಾ!” ಅಂದ್ರು ಸಾಹೇಬ್ರು. “ಏನ್ ಕೈಚಳಕ! ಏನ್ ಜೀವಕಳೆ! ಸಿಂಬಳದ ಹೊಳಪು ನೋಡ್ರಿ! ಆ ನೊಣ ನೋಡ್ರಿ, ಹಾರಿ ಹೋಗುತ್ತೇನೋ ಅನ್ನಂಗೈತೆ! ಇದೇ ಕಣ್ರೀ ಮೊದಲನೇ ಬಹುಮಾನ! ಯಾರ್ರೀ ಇದನ್ನ ಮಾಡಿದ್ದು?”

ಹೆಡ್ ಮೇಷ್ಟ್ರು ಅರ್ಧ ತಲೆ ಸವರ್ಕೊಂಡ್ರು. ಮಿಸ್ಸು ಸೆರಗು ಬಾಯಿಗೆ ಒತ್ಕೊಂಡ್ರು.

ಸಾಹೇಬ್ರು ಜೋರಾಗಿ ಕೇಳಿದ್ರು, “ಹೇಳ್ರೀ, ಯಾರು ಮಾಡಿದ್ದು?”

ಚಿತ್ರ ಬಾಯಿ ತೆಗೀತು.

“ನಮ್ಮವ್ವ!” ಅಂತು. “ಮಾಯಮ್ಮ! ಇಲ್ಲೇ ಅಡುಗೆಮನೇಲವ್ಳೆ!”

ಸಾಹೇಬ್ರು ಮೂರು ಮಾರು ಹಿಂದಕ್ಕೆ ನೆಗೆದು, ಮೇಷ್ಟ್ರನ್ನ ಕೆಡವಿ, ಅವರ ತೊಡೆ ಮೇಲೆ ಕೂತ್ರು. ಆಮೇಲೆ ನಕ್ಕರು ನೋಡಿ! ಹೊಟ್ಟೆ ಹಿಡ್ಕೊಂಡು ನಕ್ಕು, ಕಣ್ಣು ಒರೆಸ್ಕೊಂಡು, “ಕರೀರಿ ಅವ್ವನ್ನ! ಬಹುಮಾನ ಅವ್ವಂದೇ!” ಅಂದ್ರು.

ಮಾಯಮ್ಮ ಸೌಟು ಹಿಡ್ಕೊಂಡೇ ಓಡಿ ಬಂದ್ಲು, ಮತ್ತೇನ್ ಕಾದಿದೆಯೋ ಅಂತ. ನೋಡ್ತಾಳೆ. ಗ್ವಾಡೆ ಮೇಲೆ ಮಗ. ಎಲ್ಲಾರ ಮಕ್ಕಳಿಗಿಂತ ಮೇಲೆ. ಬೈಯೋಕೆ ಬಾಯಿ ತೆಗೆದ್ಲು. ಬೈಗುಳ ಬರಲಿಲ್ಲ. ಕೈಯಲ್ಲಿ ಸೌಟು, ಸೌಟಲ್ಲಿ ಸಾರು, ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎಲ್ಲಾ ಒಟ್ಟಿಗೇ ಚೆಲ್ಲಾಡ್ತು. ಹಿಂದ್ಗಡೆ ದೇವೀರಮ್ಮ ಸದ್ದಿಲ್ದೆ ಹುಣಸೆಹಣ್ಣು, ಬೂದಿ ತಗೊಂಡು ಹಂಡೆ ಬೆಳಗೋಕೆ ಹೋದ್ಲು.

“ಸಾಕು, ಇಳಿ ಮಗಾ ಇನ್ನ!” ಅಂದ್ಲು ಮಾಯಮ್ಮ.

“ಆಗಾಕಿಲ್ಲ ಕಣವ್ವ! ಅಲ್ ನೋಡು, ಮಿಸ್ಸು ಬರ್ದು ಹಾಕವ್ರೆ: ‘ಗೋಡೆ ಮೇಲಿನ ಚಿತ್ರಗಳನ್ನು ಯಾರೂ ತೆಗೆಯಬಾರದು!’”

ಯಾರ್ ಹೇಳಿದ್ರೂ ಇಳೀಲಿಲ್ಲ. ಮಿಸ್ಸು ಹೇಳಿದ್ರು, ಇಳೀಲಿಲ್ಲ. ಬೀರಪ್ಪ ಹುರ್ರ್ರ್ರಾ ಅಂದ, ಇಳೀಲಿಲ್ಲ. ಅವತ್ತು ಗ್ವಾಡೆ ಹತ್ತಿದ ಚೆಲುವ ಇವತ್ತಿನವರೆಗೂ ನೆಲಕ್ಕೆ ಕಾಲಿಟ್ಟಿಲ್ಲ! ಮಾಯಮ್ಮ ಏಣಿ ಹತ್ತಿ ಮುದ್ದೆ ತಿನ್ನಿಸ್ತಾಳೆ. ಗ್ವಾಡೆ ಮೇಲೇ ಮೀಸೆ ಬಂತು, ಗ್ವಾಡೆ ಮೇಲೇ ಹೆಣ್ಣು ನೋಡಿದ್ರು. ಸುಣ್ಣ ಹೊಡೆಯೋರು ಅವನ ಸುತ್ತ ಬಿಟ್ಟು ಹೊಡೀತಾರೆ. ಒಂದು ದಿನ, ಒಂದು ಗಳಿಗೆ ಆ ಗೂಟ ಬಿಟ್ಟು ಕದಲಿದೋನಲ್ಲ, ಬೇಕಾದ್ರೆ ಹೋಗಿ…

“ತಾತಾ! ಹಂಗಾದ್ರೆ ನಿನ್ನೆ ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ನಿನ್ನ ಪಕ್ಕ ಕೂತು ಬೋಂಡ ತಿಂದೋನು ಯಾರು?”

ಆಂ? ಬೋಂಡಾನಾ? ಯಾವ ಬೋಂಡ? ಅದೂ… ಏ ಪುಟ್ಟಿ, ಯಾಕವ್ವಾ ಎದ್ದೆ? ಗೂಡಲ್ಲೇನು ತಡಕ್ತಿದ್ದೀಯ? ಲೇ, ಕತ್ರಿ ಕೆಳಗಿಡು ತಾಯೀ!